ಸವೆದ ಸ್ತರಗಳ ಸಾಕ್ಷ್ಯ: ಯೆರಿಕೋ ದಿಬ್ಬದ ಮಣ್ಣನ್ನು ಓದುವ ಕ್ರಮ

ಪೀಠಿಕೆ

ಯೆಹೋಶುವನ ಗ್ರಂಥದ ಆರನೆಯ ಅಧ್ಯಾಯವನ್ನು ತರಗತಿಯಲ್ಲಿ ಎತ್ತಿಕೊಂಡಾಗಲೆಲ್ಲ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. ಯೆರಿಕೋವಿನ ಗೋಡೆ ಸಿಕ್ಕಿದೆಯೇ, ಇಲ್ಲವೇ? ಕೇಳುವವರು ಒಂದೇ ಮಾತಿನ ಉತ್ತರವನ್ನು ಬಯಸುತ್ತಾರೆ. ನಮ್ಮ ಸಭೆಗಳಲ್ಲಿ ಅಂಥ ಉತ್ತರಗಳು ಎರಡು ಚಲಾವಣೆಯಲ್ಲಿವೆ. ಬಿದ್ದ ಗೋಡೆ ದೊರೆತಿದೆ, ಭೂಶೋಧನೆಯು ಸತ್ಯವೇದವನ್ನು ರುಜುವಾತುಪಡಿಸಿದೆ ಎಂಬುದು ಒಂದು. ಅಲ್ಲಿ ಏನೂ ದೊರೆಯಲಿಲ್ಲ, ಆದುದರಿಂದ ಆ ವೃತ್ತಾಂತವೇ ಕಟ್ಟುಕಥೆ ಎಂಬುದು ಇನ್ನೊಂದು. ಮೊದಲನೆಯದು ಪ್ರಸಂಗಗಳಲ್ಲಿಯೂ ಎರಡನೆಯದು ವಿದ್ಯಾವಂತ ಯುವಜನರ ಮಾತುಕತೆಯಲ್ಲಿಯೂ ಹೆಚ್ಚಾಗಿ ಕೇಳಿಬರುತ್ತದೆ.

ಪರಸ್ಪರ ವಿರುದ್ಧವಾಗಿ ಕಾಣುವ ಈ ಎರಡು ಉತ್ತರಗಳೂ ಒಂದೇ ಸಂಗತಿಯನ್ನು ಮರೆತಿವೆ. ಯೆರಿಕೋವಿನಲ್ಲಿ ನಮ್ಮ ಪ್ರಶ್ನೆಗೆ ಸಂಬಂಧಪಟ್ಟ ಶತಮಾನಗಳ ಮಣ್ಣು ಬಹುಮಟ್ಟಿಗೆ ಅದರ ಸ್ಥಾನದಲ್ಲಿ ಉಳಿದಿಲ್ಲ. ಮಳೆ ಗಾಳಿಗಳಿಗೆ ಸಿಕ್ಕಿ ಅದು ಸವೆದುಹೋಗಿದೆ. ಸವೆದುಹೋದ ಸ್ತರವನ್ನು ಅರ್ಥೈಸುವುದಕ್ಕೆ ಅದರದೇ ಆದ ಕ್ರಮವಿದೆ. ಅಂಥ ಸ್ತರದಿಂದ ಏನನ್ನು ಹೇಳಬಹುದು, ಏನನ್ನು ಹೇಳಬಾರದು ಎಂಬುದನ್ನು ವಿವರಿಸಿ, ಆ ಕ್ರಮವು ಸತ್ಯವೇದವನ್ನು ಬೋಧಿಸುವ ನಮಗೆ ಕಲಿಸುವ ಶಿಸ್ತನ್ನು ಸೂಚಿಸುವುದು ಈ ಲೇಖನದ ಉದ್ದೇಶ.

1. ದಿಬ್ಬವು ಬೆಳೆಯುವ ಬಗೆ, ಕರಗುವ ಬಗೆ

ಪ್ರಾಚೀನ ಯೆರಿಕೋ ಇಂದು ತೆಲ್ ಎಸ್‌-ಸುಲ್ತಾನ್ ಎಂಬ ದಿಬ್ಬವಾಗಿದೆ. ಯೊರ್ದನ್ ಕಣಿವೆಯಲ್ಲಿ, ಸಮುದ್ರಮಟ್ಟಕ್ಕಿಂತ ಸುಮಾರು 250 ಮೀಟರ್ ಕೆಳಗೆ, ಎಲೀಷನ ಹೆಸರಿನಿಂದ ಪ್ರಸಿದ್ಧವಾದ ಬುಗ್ಗೆಯ ಪಕ್ಕದಲ್ಲಿ ಅದು ನಿಂತಿದೆ. ಅದರ ವಿಸ್ತಾರ ಸುಮಾರು 10 ಎಕರೆ. ಎತ್ತರ ಸುಮಾರು 21 ಮೀಟರ್. ಈ ಎತ್ತರವು ಪ್ರಕೃತಿಯದಲ್ಲ, ಮನುಷ್ಯರು ಹಸಿ ಇಟ್ಟಿಗೆಯಿಂದ ಮನೆ ಕಟ್ಟಿ, ಅದು ಬಿದ್ದಾಗ ಮಟ್ಟಮಾಡಿ, ಅದರ ಮೇಲೆಯೇ ಮತ್ತೆ ಕಟ್ಟುತ್ತ ಬಂದುದರ ಫಲ. 'ತೆಲ್' ಎಂಬ ಪದವು ಇಬ್ರಿಯ ಭಾಷೆಯಲ್ಲಿಯೂ ಇದೆ. ಆಯಿ ಎಂಬ ಪಟ್ಟಣವು ನಿತ್ಯವಾದ ಹಾಳುದಿಬ್ಬವಾಯಿತೆಂದು ಹೇಳುವಲ್ಲಿ (ಯೆಹೋಶುವ 8:28), ತಮ್ಮ ತಮ್ಮ ದಿಬ್ಬಗಳ ಮೇಲಿದ್ದ ಪಟ್ಟಣಗಳನ್ನು ಇಸ್ರಾಯೇಲ್ಯರು ಸುಡಲಿಲ್ಲವೆಂದು ಹೇಳುವಲ್ಲಿ (11:13) ಗ್ರಂಥಕರ್ತನು ಬಳಸಿರುವುದು ಇದೇ ಪದವನ್ನು. ಅಂದರೆ ಇಂದು ನಾವು ನೋಡುವ ಹಾಳುದಿಬ್ಬಗಳು ಅವನ ಕಣ್ಣಮುಂದೆಯೂ ಇದ್ದವು.

ಹಸಿ ಇಟ್ಟಿಗೆಯ ಸ್ವಭಾವ ನಮ್ಮ ಓದುಗರಿಗೆ ಹೊಸದಲ್ಲ. ಬಯಲುಸೀಮೆಯ ಮಣ್ಣಿನ ಮಾಳಿಗೆ ಮನೆಯನ್ನು ಜನ ಬಿಟ್ಟುಹೋದರೆ ಮೊದಲು ಮಾಳಿಗೆ ಕುಸಿಯುತ್ತದೆ. ಬಳಿಕ ಗೋಡೆಯ ನೆತ್ತಿಗೆ ಮಳೆ ಬೀಳುತ್ತದೆ. ಕೆಲವು ಮಳೆಗಾಲಗಳು ಕಳೆಯುವುದರೊಳಗೆ ಗೋಡೆ ಮತ್ತೆ ಮಣ್ಣಾಗಿ ಇಳಿಜಾರಿನತ್ತ ಹರಿದುಹೋಗುತ್ತದೆ. ಕಂದಾಯ ದಾಖಲೆಗಳಲ್ಲಿ ಬೇಚರಾಕ್ ಎಂದು ನಮೂದಾದ ಊರುಗಳ ಹಾಳುದಿಣ್ಣೆಗಳನ್ನು ನೋಡಿದವರು ಇದನ್ನು ಬಲ್ಲರು. ಯೆರಿಕೋವಿನಲ್ಲಿ ವರ್ಷಕ್ಕೆ ಬೀಳುವ ಮಳೆ 150 ಮಿಲಿಮೀಟರಿನ ಆಸುಪಾಸು ಮಾತ್ರ. ಆದರೆ ಅದು ಚಳಿಗಾಲದಲ್ಲಿ ಕೆಲವೇ ಬಿರುಸಾದ ಸುರಿಮಳೆಗಳಾಗಿ ಬರುತ್ತದೆ. ಗಿಡಗಂಟಿಯ ಹೊದಿಕೆ ಇಲ್ಲದ ಕಡಿದಾದ ದಿಬ್ಬದ ಮೇಲೆ ಅಂಥ ಮಳೆ ಕೊರಕಲುಗಳನ್ನು ತೆಗೆಯುತ್ತದೆ.

ಇದರಿಂದ ಒಂದು ವಿಚಿತ್ರ ಪರಿಣಾಮ ಉಂಟಾಗುತ್ತದೆ. ಯೆರಿಕೋವಿನಲ್ಲಿ ಕ್ರಿಸ್ತಪೂರ್ವ 8000ದ ಸುಮಾರಿಗೆ ಕಟ್ಟಿದ ಕಲ್ಲಿನ ಗೋಪುರವೊಂದು ಸುಮಾರು 8.5 ಮೀಟರ್ ಎತ್ತರಕ್ಕೆ, ಒಳಗಿನ 22 ಮೆಟ್ಟಿಲುಗಳ ಸಮೇತ ಉಳಿದಿದೆ. ಅದಕ್ಕಿಂತ ಆರು ಸಾವಿರಕ್ಕೂ ಹೆಚ್ಚು ವರ್ಷ ಈಚಿನ ಮನೆಗಳು ದಿಬ್ಬದ ನೆತ್ತಿಯಲ್ಲಿ ಇಲ್ಲವೇ ಇಲ್ಲ. ಬೇಗನೆ ಹೂತುಹೋದದ್ದು ಉಳಿಯಿತು, ಮೇಲೆ ಬಯಲಾಗಿದ್ದುದು ಹೋಯಿತು. ಹಳೆಯದು ಹೆಚ್ಚು ನಾಶವಾಗಿರಬೇಕು, ಹೊಸದು ಹೆಚ್ಚು ಉಳಿದಿರಬೇಕು ಎಂಬ ನಮ್ಮ ಸಹಜ ಊಹೆ ಇಲ್ಲಿ ತಲೆಕೆಳಗಾಗುತ್ತದೆ.

2. ಸವೆತದ ಗುರುತುಗಳು

ಸ್ತರಗಳನ್ನು ಓದುವ ಮೊದಲ ನಿಯಮವನ್ನು ಎಲ್ಲರೂ ಬಲ್ಲರು: ಕೆಳಗಿನ ಸ್ತರ ಮೊದಲಿನದು, ಮೇಲಿನದು ನಂತರದ್ದು. ಆದರೆ ಈ ನಿಯಮವು ಹೇಳುವುದು ಸ್ತರವು ಅಲ್ಲಿಗೆ ಬಂದು ಕೂತ ಕಾಲವನ್ನು. ಅದರೊಳಗಿನ ವಸ್ತುಗಳು ತಯಾರಾದ ಕಾಲವನ್ನಲ್ಲ. ಮೇಲಿನಿಂದ ಕೊಚ್ಚಿಬಂದ ಮಣ್ಣಿನಲ್ಲಿ ಈ ವ್ಯತ್ಯಾಸವೇ ಮುಖ್ಯವಾಗುತ್ತದೆ.

ಒಂದು ಸ್ತರವು ಮನೆ ಕುಸಿದ ಜಾಗದಲ್ಲೇ ಬಿದ್ದ ಅವಶೇಷವೋ, ಬೇರೆಡೆಯಿಂದ ಹರಿದುಬಂದ ಮಣ್ಣೋ ಎಂಬುದನ್ನು ಉತ್ಖನನಕಾರರು ಕೆಲವು ಗುರುತುಗಳಿಂದ ತಿಳಿಯುತ್ತಾರೆ. ಕುಸಿದ ಮನೆಯಲ್ಲಿ ಇಟ್ಟಿಗೆಗಳು ಅಂಚು ಉಳಿಸಿಕೊಂಡು ಅಡ್ಡಾದಿಡ್ಡಿಯಾಗಿ ಬಿದ್ದಿರುತ್ತವೆ. ನೆಲಗಟ್ಟಿನ ಮೇಲೆ ಮಡಕೆಗಳು ಇದ್ದಲ್ಲಿಯೇ ಜಜ್ಜಿಹೋಗಿರುತ್ತವೆ, ಚೂರುಗಳನ್ನು ಕೂಡಿಸಿದರೆ ಇಡೀ ಮಡಕೆಯಾಗುತ್ತದೆ. ಹರಿದುಬಂದ ಮಣ್ಣಾದರೋ ತೆಳುವಾದ ಎಳೆಎಳೆಯಾಗಿ, ಇಳಿಜಾರಿನ ದಿಕ್ಕಿಗೆ ಬಾಗಿಕೊಂಡು ಕೂತಿರುತ್ತದೆ. ಅದರಲ್ಲಿ ನೆಲಗಟ್ಟು ಇಲ್ಲ, ಒಲೆ ಇಲ್ಲ. ಮಡಕೆಯ ಚೂರುಗಳು ಚಿಕ್ಕವು, ಅವುಗಳ ಅಂಚು ಸವೆದಿರಬಹುದು. ಒಂದರೊಡನೊಂದು ಹೊಂದುವುದು ಅಪರೂಪ. ಬೇರೆ ಬೇರೆ ಕಾಲದವು ಒಂದೇ ಕಡೆ ಬೆರೆತಿರುತ್ತವೆ.

ಇಂಥ ಬೆರಕೆ ಮಣ್ಣಿನ ಕಾಲವನ್ನು ನಿರ್ಧರಿಸುವಾಗ ಅದರಲ್ಲಿರುವ ಅತ್ಯಂತ ಈಚಿನ ವಸ್ತುವನ್ನೇ ಆಧಾರವಾಗಿಟ್ಟುಕೊಳ್ಳಬೇಕು. ಆ ವಸ್ತು ತಯಾರಾಗುವುದಕ್ಕೆ ಮುಂಚೆ ಆ ಸ್ತರ ಕೂತಿರಲಾರದು ಎಂದಷ್ಟೇ ಹೇಳಬಹುದು. ಎಷ್ಟು ಕಾಲದ ನಂತರ ಕೂತಿತು ಎಂಬುದನ್ನು ಅದೊಂದೇ ತಿಳಿಸದು. ದಿಬ್ಬದ ಬುಡದಲ್ಲಿ ಕ್ರಮವು ತಿರುವುಮುರುವಾಗುವುದೂ ಉಂಟು. ನೆತ್ತಿಯ ಮೇಲಿನ ಹೊಸ ಮಣ್ಣು ಮೊದಲು ಹರಿದು ಕೆಳಗೆ ಕೂರುತ್ತದೆ. ಅದರಡಿಯಿಂದ ಬಯಲಾದ ಹಳೆಯ ಮಣ್ಣು ಆಮೇಲೆ ಹರಿದು ಅದರ ಮೇಲೆ ಕೂರುತ್ತದೆ. ಸ್ತರದ ದಪ್ಪವೂ ಕಾಲದ ಅಳತೆಗೋಲಾಗದು. ನೂರು ವರ್ಷ ಮೆಲ್ಲನೆ ಬಂದ ಮಣ್ಣಿಗಿಂತ ಒಂದೇ ರಾತ್ರಿಯ ಸುರಿಮಳೆ ತಂದ ಮಣ್ಣು ದಪ್ಪವಾಗಿರಬಹುದು.

ಇವನ್ನೆಲ್ಲ ಗಮನಿಸಬೇಕಾದರೆ ಅಗೆತದ ಕ್ರಮವೂ ಸೂಕ್ಷ್ಮವಾಗಿರಬೇಕು. ಇಡೀ ಜಾಗವನ್ನು ಒಂದೇ ಆಳಕ್ಕೆ ಇಳಿಸುತ್ತ ಹೋದರೆ ಬಾಗಿದ ಸ್ತರಗಳು ಅಡ್ಡಡ್ಡ ಕತ್ತರಿಸಿಹೋಗಿ ಎಲ್ಲವೂ ಬೆರೆತುಬಿಡುತ್ತವೆ. ಅದಕ್ಕಾಗಿ ನಡುನಡುವೆ ಮಣ್ಣಿನ ಗೋಡೆಗಳನ್ನು ಅಗೆಯದೆ ಬಿಟ್ಟು, ಅವುಗಳ ಮುಖದಲ್ಲಿ ಕಾಣುವ ಸ್ತರಗಳನ್ನು ಒಂದೊಂದಾಗಿ ಗುರುತಿಸಿ ಚಿತ್ರ ಬರೆಯುವ ಪದ್ಧತಿಯನ್ನು ಮಾರ್ಟಿಮರ್ ವೀಲರ್ ರೂಢಿಗೆ ತಂದರು. ನಮ್ಮ ನಾಡಿಗೂ ಅವರಿಗೂ ಸಂಬಂಧವಿದೆ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಮಹಾನಿರ್ದೇಶಕರಾಗಿದ್ದಾಗ ಅವರು 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಗಳಲ್ಲಿ ಇದೇ ಪದ್ಧತಿಯಿಂದ ಉತ್ಖನನ ನಡೆಸಿದರು. ಅದಕ್ಕೂ ಮುಂಚೆ, 1930ರ ದಶಕದಲ್ಲಿ, ಇಂಗ್ಲೆಂಡಿನ ವೆರುಲೇಮಿಯಮ್ ಎಂಬಲ್ಲಿ ಅವರ ಕೈಕೆಳಗೆ ಈ ಪದ್ಧತಿಯನ್ನು ಕಲಿತವರಲ್ಲಿ ಕ್ಯಾಥ್ಲೀನ್ ಕೆನ್ಯನ್ ಒಬ್ಬರು. ಆಕೆ ಅದನ್ನು ಯೆರಿಕೋವಿಗೆ ಕೊಂಡೊಯ್ದರು.

3. ಯೆರಿಕೋವಿನ ಎರಡು ಓದುಗಳು

ಕೆನ್ಯನ್‌ಗೆ ಮುಂಚೆ 1930ರಿಂದ 1936ರವರೆಗೆ ಯೆರಿಕೋವಿನಲ್ಲಿ ಅಗೆದವರು ಜಾನ್ ಗಾರ್‌ಸ್ಟಾಂಗ್. ದಿಬ್ಬದ ಅಂಚಿನಲ್ಲಿ ಅವರಿಗೆ ಜೋಡಿ ಗೋಡೆಯೊಂದು ಕಂಡಿತು. ಅದು ಬಿದ್ದಿತ್ತು, ಬೆಂಕಿಯ ಗುರುತೂ ಇತ್ತು. ಅದನ್ನು ಅವರು ಯೆಹೋಶುವನ ಕಾಲದ ಗೋಡೆ ಎಂದು ಗುರುತಿಸಿದರು. ಗೋಡೆ ದೊರೆತಿದೆ ಎಂದು ಇಂದಿಗೂ ನಮ್ಮ ಸಭೆಗಳಲ್ಲಿ ಕೇಳಿಬರುವ ಮಾತಿನ ಮೂಲ ಇದು.

1952ರಿಂದ 1958ರವರೆಗೆ ಕೆನ್ಯನ್ ಅಗೆದಾಗ ಆ ಗೋಡೆಯ ಕಾಲ ಬದಲಾಯಿತು. ಅದು ಆದಿ ಕಂಚಿನ ಯುಗದ್ದು, ಗಾರ್‌ಸ್ಟಾಂಗ್ ಹೇಳಿದ್ದಕ್ಕಿಂತ ಸುಮಾರು ಸಾವಿರ ವರ್ಷ ಹಿಂದಿನದು ಎಂದು ಸ್ತರಗಳ ಸಂಬಂಧದಿಂದ ಸ್ಥಿರಪಟ್ಟಿತು. ಆ ಯುಗದ ಗೋಡೆಯು 17 ಬಾರಿ ಮತ್ತೆ ಮತ್ತೆ ಕಟ್ಟಲ್ಪಟ್ಟಿದ್ದುದನ್ನು ಕೆನ್ಯನ್ ತೋರಿಸಿದರು. ಜೋಡಿಯಾಗಿ ಕಂಡ ಎರಡು ಗೋಡೆಗಳು ಒಂದೇ ಕಾಲದವೂ ಆಗಿರಲಿಲ್ಲ. ಗಾರ್‌ಸ್ಟಾಂಗ್ ಅಪ್ರಾಮಾಣಿಕರಾಗಿರಲಿಲ್ಲ. ಅವರನ್ನು ದಾರಿತಪ್ಪಿಸಿದ್ದು ಸವೆತ. ನಡುವಿನ ಹಲವು ಶತಮಾನಗಳ ಸ್ತರಗಳು ಆ ಜಾಗದಲ್ಲಿ ತೊಳೆದುಹೋಗಿದ್ದುದರಿಂದ ಬಹು ಹಳೆಯ ಗೋಡೆಯು ಮೇಲ್ಮೈಗೆ ಹತ್ತಿರವಾಗಿ ಕಾಣಿಸಿತು. ಮೇಲಿರುವುದು ಈಚಿನದು ಎಂಬ ನಿಯಮವನ್ನು, ಮೇಲಿದ್ದುದು ಏನಾಯಿತೆಂದು ಕೇಳದೆಯೇ ಅನ್ವಯಿಸಿದ್ದರಿಂದ ಆದ ತಪ್ಪು ಅದು.

ಮಧ್ಯ ಕಂಚಿನ ಯುಗದ ಯೆರಿಕೋ ದೊಡ್ಡ ಪಟ್ಟಣವಾಗಿತ್ತು. ಕಲ್ಲಿನ ಆಧಾರಗೋಡೆ, ಅದರ ಮೇಲೆ ಗಾರೆ ಬಳಿದ ಎತ್ತರದ ಮಣ್ಣಿನ ಏರಿ, ಏರಿಯ ನೆತ್ತಿಯಲ್ಲಿ ಇಟ್ಟಿಗೆಯ ಕೋಟೆ ಅದಕ್ಕಿದ್ದವು. ಆ ಪಟ್ಟಣವು ಬೆಂಕಿಯಲ್ಲಿ ನಾಶವಾಯಿತು. ಕೆನ್ಯನ್ ಅದನ್ನು ಕ್ರಿ.ಪೂ. 1550ರ ಸುಮಾರಿಗೆ ಇಟ್ಟರು. ಬುಗ್ಗೆಯ ಕಡೆಗಿರುವ ಪೂರ್ವದ ಇಳಿಜಾರಿನಲ್ಲಿ ಸುಟ್ಟ ಮನೆಗಳೂ ಧಾನ್ಯ ತುಂಬಿದ ಜಾಡಿಗಳೂ ಉಳಿದಿವೆ. ಅವುಗಳ ಮೇಲೆ, ಹಲವು ಬಣ್ಣದ ಬೂದಿಯ ಎಳೆಗಳಿಂದ ಕೂಡಿದ ಸುಮಾರು ಒಂದು ಮೀಟರ್ ದಪ್ಪದ ಮಣ್ಣು ಹರಡಿದೆ. ಮೇಲಿನ ಸುಟ್ಟ ಕಟ್ಟಡಗಳು ಮಳೆಗೆ ಕರಗಿ ಇಳಿದು ಬಂದ ಮಣ್ಣು ಅದು ಎಂದು ಕೆನ್ಯನ್ ಓದಿದರು. ಪಟ್ಟಣವು ನಾಶವಾದ ಬಳಿಕ ದಿಬ್ಬವು ಜನವಸತಿಯಿಲ್ಲದೆ ಮಳೆಗೆ ಒಡ್ಡಿಕೊಂಡಿತ್ತೆಂಬುದಕ್ಕೆ ಈ ಕೊಚ್ಚಿಬಂದ ಮಣ್ಣೇ ಸಾಕ್ಷಿ.

ಅದಾದ ಮೇಲೆ, ಉತ್ತರ ಕಂಚಿನ ಯುಗದಲ್ಲಿ, ದೊರೆಯುವುದು ಅತ್ಯಲ್ಪ. ಕೆನ್ಯನ್‌ಗೆ ಸಿಕ್ಕಿದ್ದು ಒಂದು ಮನೆಯ ಗೋಡೆಯ ತಳದ ತುಣುಕು, ಸುಮಾರು ಒಂದು ಚದರ ಮೀಟರಿನಷ್ಟು ನೆಲ, ಒಂದು ಮಣ್ಣಿನ ಒಲೆ, ಪಕ್ಕದಲ್ಲಿ ಒಂದು ಚಿಕ್ಕ ಹೂಜಿ. ಗಾರ್‌ಸ್ಟಾಂಗ್‌ಗೆ ಇದೇ ಯುಗದ ಒಂದು ಕಟ್ಟಡ ದೊರೆತಿತ್ತು. ಹಳೆಯ ಸಮಾಧಿಗಳಲ್ಲಿ ಕೆಲವನ್ನು ಆಗ ಮತ್ತೆ ಬಳಸಿದ ಗುರುತುಗಳೂ ಇದ್ದವು. ಇವುಗಳ ಆಧಾರದಿಂದ ಕ್ರಿ.ಪೂ. 14ನೆಯ ಶತಮಾನದಲ್ಲಿ ಅಲ್ಲಿ ಜನವಸತಿ ಇತ್ತೆಂದೂ ಅದರ ಬಹುಭಾಗ ಸವೆದುಹೋಗಿದೆಯೆಂದೂ ಕೆನ್ಯನ್ ತೀರ್ಮಾನಿಸಿದರು. ಆ ಕಾಲದ ಪಟ್ಟಣದ ಕೋಟೆಗೋಡೆ ಯಾವುದೂ ಅವರಿಗೆ ಕಾಣಲಿಲ್ಲ. ಇಸ್ರಾಯೇಲ್ಯರ ಪ್ರವೇಶಕ್ಕೆ ಅನೇಕ ವಿದ್ವಾಂಸರು ಸೂಚಿಸುವ ಕ್ರಿ.ಪೂ. 13ನೆಯ ಶತಮಾನದ ಮಟ್ಟಿಗೆ ಸಾಕ್ಷ್ಯ ಇನ್ನೂ ಕಡಿಮೆ.

1990ರಲ್ಲಿ ಬ್ರಯಂಟ್ ವುಡ್ ಎಂಬ ವಿದ್ವಾಂಸರು ಮಡಕೆಗಳನ್ನು ಮರುಪರಿಶೀಲಿಸಿ, ಮಧ್ಯ ಕಂಚಿನ ಯುಗದ ಪಟ್ಟಣದ ನಾಶವನ್ನು ಕ್ರಿ.ಪೂ. 1400ರ ಸುಮಾರಿಗೆ ಇಳಿಸಬೇಕೆಂದು ವಾದಿಸಿದರು. ಹಾಗಾದರೆ ಅದು 1 ಅರಸುಗಳು 6:1ರ ಲೆಕ್ಕಕ್ಕೆ ಹೊಂದುತ್ತದೆ. ಆದರೆ 1995ರಲ್ಲಿ ಬ್ರುಯಿನ್ಸ್ ಮತ್ತು ವ್ಯಾನ್ ಡರ್ ಪ್ಲಿಖ್ಟ್ ಪ್ರಕಟಿಸಿದ ಇಂಗಾಲ-14 ಪರೀಕ್ಷೆಗಳು, ಆ ಬೆಂಕಿಯಲ್ಲಿ ಕರಿದ ಧಾನ್ಯದ ಕಾಳುಗಳನ್ನು ಕ್ರಿ.ಪೂ. 16ನೆಯ ಶತಮಾನದ ಕಡೆಗೇ ತೋರಿಸಿದವು. ಕಾಳು ಒಂದೇ ಬೆಳೆಯದಾದ್ದರಿಂದ ಹಳೆಯ ತೊಲೆಯ ಇದ್ದಿಲಿಗಿಂತ ಅದರ ಸಾಕ್ಷ್ಯ ಹೆಚ್ಚು ನಿಖರವಾದದ್ದು. ಬಹುಪಾಲು ಪುರಾತತ್ವಜ್ಞರು ಕೆನ್ಯನ್ ಅವರ ಕಾಲನಿರ್ಣಯದ ಪಕ್ಷದಲ್ಲಿಯೇ ಇದ್ದಾರೆ.

4. ಇಲ್ಲದ ಸ್ತರದಿಂದ ಏನನ್ನು ಹೇಳಬಹುದು?

ಈ ಹಂತದಲ್ಲಿ ಭಕ್ತರಾದ ಓದುಗರು ಒಂದು ಆಸರೆಯನ್ನು ಹುಡುಕುವುದು ಸಹಜ: ಸ್ತರ ಸವೆದುಹೋಗಿದೆ, ಯೆಹೋಶುವನ ಕಾಲದ ಪಟ್ಟಣವೂ ಗೋಡೆಯೂ ಅದರೊಡನೆ ಹೋಗಿರಬೇಕು, ಆದುದರಿಂದ ಸಮಸ್ಯೆಯೇ ಇಲ್ಲ. ಈ ವಾದದಲ್ಲಿ ಸತ್ಯಾಂಶವಿದೆ. ದಿಬ್ಬದ ನೆತ್ತಿಯ ಬಹುಭಾಗದಲ್ಲಿ, ದೊಡ್ಡದಾಗಿದ್ದ ಮಧ್ಯ ಕಂಚಿನ ಯುಗದ ಪಟ್ಟಣದ ಮನೆಗಳೇ ಉಳಿದಿಲ್ಲ. ಹಾಗಿರುವಾಗ ಅವುಗಳ ಮೇಲಿದ್ದ ಈಚಿನ ಮನೆಗಳು ಉಳಿಯಬೇಕೆಂದು ಕೇಳುವಂತಿಲ್ಲ. ಮನೆಗಳಿಲ್ಲ ಎಂಬುದರಿಂದಲೇ ಜನರಿರಲಿಲ್ಲ ಎಂದು ಹೇಳುವುದು ಅವಸರದ ಮಾತು.

ಆದರೆ ಸವೆತಕ್ಕೂ ಒಂದು ಮಿತಿಯಿದೆ. ಹಸಿ ಇಟ್ಟಿಗೆ ಕರಗಿ ಮಣ್ಣಾಗುತ್ತದೆ. ಸುಟ್ಟ ಮಡಕೆ ಕರಗುವುದಿಲ್ಲ. ಗೋಡೆ ಹೋದ ದಾರಿಯಲ್ಲಿ ಮಡಕೆಯ ಚೂರುಗಳೂ ಇಳಿಜಾರಿಗೆ ಇಳಿಯುತ್ತವೆ, ಅಲ್ಲಿಯೇ ಉಳಿಯುತ್ತವೆ. ಹೆಚ್ಚು ಜನ ತಲೆಮಾರುಗಳ ಕಾಲ ಬಾಳಿದ ಪಟ್ಟಣವಾಗಿದ್ದರೆ ಅದರ ಚೂರುಗಳು ಬುಡದ ಮಣ್ಣಿನಲ್ಲಿ ಧಾರಾಳವಾಗಿ ಇರಬೇಕು. ಆ ಕಾಲದ ಸಮಾಧಿಗಳೂ ಹೆಚ್ಚಿರಬೇಕು, ಏಕೆಂದರೆ ಬಂಡೆಯಲ್ಲಿ ಕೊರೆದ ಸಮಾಧಿಯನ್ನು ದಿಬ್ಬದ ಮಳೆ ತೊಳೆಯಲಾರದು. ಯೆರಿಕೋವಿನಲ್ಲಿ ದೊರೆತಿರುವುದು ಸಣ್ಣ ಊರಿಗೆ ಒಪ್ಪುವಷ್ಟು, ದೊಡ್ಡ ಪಟ್ಟಣಕ್ಕೆ ಸಾಲದಷ್ಟು. ದಿಬ್ಬದ ಪೂರ್ವದ ಅಂಚನ್ನು ಇಂದಿನ ರಸ್ತೆ ಕತ್ತರಿಸಿಕೊಂಡು ಹೋಗಿರುವುದರಿಂದ ಅಲ್ಲಿನ ಎಲ್ಲವನ್ನೂ ಅಗೆದು ನೋಡಲಾಗಿಲ್ಲ ಎಂಬುದನ್ನೂ ಇದಕ್ಕೆ ಸೇರಿಸಬೇಕು.

ಹೀಗೆ ಮಣ್ಣು ಹೇಳುವುದನ್ನು ಮೂರು ಮಾತುಗಳಲ್ಲಿ ಕೂಡಿಸಬಹುದು. ಗಾರ್‌ಸ್ಟಾಂಗ್ ತೋರಿಸಿದ ಗೋಡೆಯು ಯೆಹೋಶುವನ ಕಾಲದ್ದಲ್ಲ, ಇದು ನಿಶ್ಚಯ. ಉತ್ತರ ಕಂಚಿನ ಯುಗದಲ್ಲಿ ಅಲ್ಲಿ ಜನರಿದ್ದರು, ಅವರ ಊರಿನ ಬಹುಭಾಗ ಸವೆದಿದೆ; ಇದೂ ನಿಶ್ಚಯ. ಆ ಊರು ದೊಡ್ಡ ಕೋಟೆಯುಳ್ಳ ಪಟ್ಟಣವಾಗಿತ್ತೆಂಬುದಕ್ಕೆ ಮಣ್ಣಿನಲ್ಲಿ ಆಧಾರವಿಲ್ಲ. ಸವೆತದ ನೆಪದಿಂದ ಆ ಆಧಾರವನ್ನು ನಾವು ಸೃಷ್ಟಿಸಿಕೊಳ್ಳುವಂತಿಲ್ಲ. ಸವೆತವು ಖಾಲಿಯ ಕಾರಣವನ್ನು ವಿವರಿಸುತ್ತದೆ. ಆ ಖಾಲಿಯಲ್ಲಿ ಏನಿತ್ತೆಂದು ಹೇಳುವ ಅಧಿಕಾರವನ್ನು ನಮಗೆ ಕೊಡುವುದಿಲ್ಲ.

5. ಗ್ರಂಥದ ಸ್ತರಗಳು

ಹಳೆಯ ಒಡಂಬಡಿಕೆಯನ್ನು ಅಭ್ಯಾಸಮಾಡುವವರಿಗೆ ಈ ಕ್ರಮ ಇನ್ನೊಂದು ಕಡೆಯಿಂದ ಪರಿಚಿತವಾಗಿದೆ. 1943ರಲ್ಲಿ ಮಾರ್ಟಿನ್ ನೋತ್ ಅವರು ಧರ್ಮೋಪದೇಶಕಾಂಡದಿಂದ ಅರಸುಗಳ ಗ್ರಂಥದವರೆಗಿನ ಭಾಗವನ್ನು, ಸೆರೆವಾಸದ ಕಾಲದಲ್ಲಿ ಹಳೆಯ ಸಾಮಗ್ರಿಯಿಂದ ರಚಿತವಾದ ಒಂದೇ ಇತಿಹಾಸವೆಂದು ವಿವರಿಸಿದರು. ಅವರ ವಾದದ ವಿವರಗಳನ್ನು ಒಪ್ಪದವರೂ ಯೆಹೋಶುವನ ಗ್ರಂಥದಲ್ಲಿ ಬೇರೆ ಬೇರೆ ಕಾಲದ ಸಾಮಗ್ರಿಯಿದೆ ಎಂಬುದನ್ನು ಒಪ್ಪುತ್ತಾರೆ. ರಾಹಾಬಳು ಇಂದಿನವರೆಗೂ ಇಸ್ರಾಯೇಲ್ಯರ ಮಧ್ಯದಲ್ಲಿ ವಾಸವಾಗಿದ್ದಾಳೆಂದು ಹೇಳುವ ವಚನವೂ (6:25), ಪಟ್ಟಣವನ್ನು ಮತ್ತೆ ಕಟ್ಟುವವನಿಗೆ ವಿಧಿಸಿದ ಶಾಪವೂ (6:26), ಆ ಶಾಪದ ನೆರವೇರಿಕೆಯನ್ನು ಅಹಾಬನ ಕಾಲದಲ್ಲಿ ಹೀಯೇಲನ ಮೇಲೆ ಕಾಣುವ ವಚನವೂ (1 ಅರಸುಗಳು 16:34) ಒಂದಕ್ಕೊಂದು ದೂರದಲ್ಲಿ ನಿಂತು ಒಂದೇ ದಿಬ್ಬವನ್ನು ನೋಡುತ್ತವೆ.

ಕೊಚ್ಚಿಬಂದ ಮಣ್ಣಿನ ನಿಯಮ ಇಲ್ಲಿಯೂ ಸಲ್ಲುತ್ತದೆ. ಗ್ರಂಥದ ಕೊನೆಯ ರೂಪವು ಈಚಿನದಾದ ಮಾತ್ರಕ್ಕೆ ಅದರೊಳಗಿನ ಎಲ್ಲವೂ ಈಚಿನದಾಗುವುದಿಲ್ಲ. ಈಚಿನ ಮಣ್ಣಿನಲ್ಲಿ ಹಳೆಯ ಚೂರು ಇರುವುದು ಸಹಜ. ಹಾಗೆಯೇ, ಒಂದು ಹಳೆಯ ಚೂರು ಸಿಕ್ಕಿತೆಂದು ಇಡೀ ಸ್ತರವನ್ನು ಹಳೆಯದೆನ್ನಲಾಗದು. ಅದು ಸಿಕ್ಕ ಜಾಗದಲ್ಲಿಯೇ ಅದರ ಮನೆ ಇತ್ತೆಂದೂ ಹೇಳಲಾಗದು. ಗ್ರಂಥವನ್ನು ಬೇಗನೆ ತಳ್ಳಿಹಾಕುವವರು ಮೊದಲನೆಯ ಮಾತನ್ನೂ, ಬೇಗನೆ ಸಮರ್ಥಿಸುವವರು ಎರಡನೆಯ ಮಾತನ್ನೂ ಮರೆಯುತ್ತಾರೆ. ಹೋಲಿಕೆಯನ್ನು ಇದಕ್ಕಿಂತ ಮುಂದಕ್ಕೆ ಎಳೆಯಬಾರದು. ಮಣ್ಣನ್ನು ಇಳಿಜಾರಿಗೆ ತರುವುದು ಮಳೆ. ಗ್ರಂಥದ ಸಾಮಗ್ರಿಯನ್ನು ಆರಿಸಿ, ಜೋಡಿಸಿ, ಆರಾಧನೆಯಲ್ಲಿ ಓದಿ ಉಳಿಸಿಕೊಂಡದ್ದು ನಂಬಿಕೆಯ ಸಮುದಾಯ.

6. ಸಭೆಯ ಮುಂದೆ

ಇವೆಲ್ಲ ವಿದ್ವಾಂಸರ ಗೊಡವೆ, ಸಭಾಪಾಲಕರಿಗೆ ಏಕೆ ಎಂದು ಕೆಲವರು ಕೇಳಬಹುದು. ಅದಕ್ಕೆ ನಮ್ಮ ಉತ್ತರ ಇಷ್ಟೇ. ಗೋಡೆ ದೊರೆತಿದೆ ಎಂದು ಭಾನುವಾರ ನಮ್ಮ ಬಾಯಿಂದ ಕೇಳಿದ ಹುಡುಗನೋ ಹುಡುಗಿಯೋ ನಾಳೆ ಕಾಲೇಜಿಗೆ ಹೋಗಿ, ಆ ಗೋಡೆ ಸಾವಿರ ವರ್ಷ ಹಿಂದಿನದೆಂದು ಓದುತ್ತಾರೆ. ಆಗ ಅವರು ಗಾರ್‌ಸ್ಟಾಂಗ್‌ರನ್ನು ಸಂಶಯಿಸುವುದಿಲ್ಲ, ನಮ್ಮನ್ನು ಸಂಶಯಿಸುತ್ತಾರೆ. ನಮ್ಮೊಡನೆ, ನಾವು ಪುನರುತ್ಥಾನದ ಬಗ್ಗೆ ಹೇಳಿದ್ದನ್ನೂ ಸಂಶಯಿಸುತ್ತಾರೆ. ಸುವಾರ್ತೆಯ ಮೇಲಿನ ನಂಬಿಕೆಯನ್ನು ಒಂದು ಮೀಟರ್ ಮಣ್ಣಿನ ಮೇಲೆ ನಿಲ್ಲಿಸಿದವರು ನಾವೇ ಆಗುತ್ತೇವೆ. ದುರ್ಬಲವಾದ ಆಧಾರವನ್ನು ಬಲವಾದದ್ದೆಂದು ಹೇಳುವುದು ಭಕ್ತಿಯ ಕಾರಣದಿಂದಲೇ ಆದರೂ ಸುಳ್ಳುಸಾಕ್ಷಿಗೆ ಹತ್ತಿರವಾಗುತ್ತದೆ.

ಹಾಗಾದರೆ ಯೆಹೋಶುವನ ಆರನೆಯ ಅಧ್ಯಾಯದ ಮೇಲೆ ಪ್ರಸಂಗ ಮಾಡುವುದು ಹೇಗೆ? ಇಬ್ರಿಯರಿಗೆ ಬರೆದ ಪತ್ರಿಕೆಯು ಆ ಗೋಡೆಗಳನ್ನು ಸ್ಮರಿಸುವುದು ನಂಬಿಕೆಯ ವಿಷಯವನ್ನು ಹೇಳುವುದಕ್ಕಾಗಿ (11:30). ಮರುವಚನದಲ್ಲಿಯೇ ಅದು ರಾಹಾಬಳ ಕಡೆಗೆ ತಿರುಗುತ್ತದೆ. ಆ ಅಧ್ಯಾಯದ ನಿಜವಾದ ತೊಡಕುಗಳೂ ಮಣ್ಣಿನಲ್ಲಿಲ್ಲ. ಪಟ್ಟಣದ ಜನರೆಲ್ಲರ ಸಂಹಾರವನ್ನು ಕ್ರಿಸ್ತನ ಬೆಳಕಿನಲ್ಲಿ ನಾವು ಹೇಗೆ ಓದಬೇಕು? ಹೊರಗಿನವಳೂ ಸೂಳೆಯೂ ಆಗಿದ್ದವಳ ಮನೆ ಮಾತ್ರ ಏಕೆ ಉಳಿಯಿತು? ಅವಳ ಹೆಸರು ಮತ್ತಾಯನು ಬರೆದ ವಂಶಾವಳಿಯಲ್ಲಿ ಏಕೆ ಕಾಣುತ್ತದೆ? ಗೋಡೆ ಸಿಕ್ಕಿದ್ದರೂ ಈ ಪ್ರಶ್ನೆಗಳು ಇದ್ದೇ ಇರುತ್ತಿದ್ದವು. ಗೋಡೆಯ ಮಾತಿನಲ್ಲಿ ಮುಳುಗಿದರೆ ಇವನ್ನು ನಾವು ಕೇಳದೆಯೇ ಪ್ರಸಂಗ ಮುಗಿಸುತ್ತೇವೆ.

ಯಾರಾದರೂ ಗೋಡೆಯ ಬಗ್ಗೆ ನೇರವಾಗಿ ಕೇಳಿದರೆ, ತಿಳಿದಷ್ಟನ್ನು ತಿಳಿದಂತೆ ಹೇಳಬೇಕು: ಮೊದಲು ಸಿಕ್ಕಿತೆಂದ ಗೋಡೆ ಬೇರೆ ಕಾಲದ್ದೆಂದು ತಿಳಿದುಬಂದಿದೆ, ಆ ಕಾಲದ ಊರಿನ ಅವಶೇಷ ಅಲ್ಪ, ಬಹುಭಾಗ ಸವೆದಿದೆ, ಉಳಿದದ್ದರಿಂದ ವೃತ್ತಾಂತವನ್ನು ರುಜುವಾತುಪಡಿಸಲಾಗಿಲ್ಲ, ಅದಕ್ಕೆ ಒಂದು ಭಾಗ ಕಾರಣ ಸವೆತವಾದರೂ ಇಡೀ ಕಾರಣ ಅದಲ್ಲ. ಇಷ್ಟು ಹೇಳಿದರೆ ಸಭೆಯ ನಂಬಿಕೆ ಕದಲುವುದೆಂದು ನಾವು ಹೆದರಬೇಕಾಗಿಲ್ಲ. ತಮ್ಮ ಮನೆಗಳ ಮಣ್ಣಿನ ಗೋಡೆಗಳು ಮಳೆಗೆ ಕರಗಿದ್ದನ್ನು ಕಂಡ ಜನರಿಗೆ ಇದು ಅರ್ಥವಾಗದ ಮಾತೇನಲ್ಲ.

ಸಮಾರೋಪ

1997ರಿಂದ ಇಟಲಿ ಮತ್ತು ಪ್ಯಾಲೆಸ್ಟೀನಿನ ಜಂಟಿ ತಂಡವು ತೆಲ್ ಎಸ್‌-ಸುಲ್ತಾನ್‌ನಲ್ಲಿ ಉತ್ಖನನ ನಡೆಸಿದೆ; 2023ರಲ್ಲಿ ಯುನೆಸ್ಕೋ ಆ ದಿಬ್ಬವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹೊಸ ಸಂಗತಿಗಳು ಬರಬಹುದು. ಇಂದಿನ ತೀರ್ಮಾನಗಳಲ್ಲಿ ಕೆಲವು ತಿದ್ದುಪಡಿಯಾಗಬಹುದು. ಅಂಥ ಸುದ್ದಿ ಬಂದಾಗ ನಮ್ಮ ವಿದ್ಯಾರ್ಥಿಗಳು ಮೊದಲು ಕೇಳಬೇಕಾದ ಪ್ರಶ್ನೆಗಳು ನಾಲ್ಕು. ಆ ವಸ್ತು ಇದ್ದಲ್ಲಿಯೇ ಉಳಿದದ್ದೋ, ಹರಿದುಬಂದದ್ದೋ? ಅದರ ಮೇಲಿದ್ದ ಸ್ತರ ಏನಾಯಿತು? ಸ್ತರದಲ್ಲಿರುವ ಅತ್ಯಂತ ಈಚಿನ ವಸ್ತು ಯಾವುದು? ಇಲ್ಲದಿರುವುದು ಸವೆದುಹೋಯಿತೋ, ಮೊದಲೇ ಇರಲಿಲ್ಲವೋ, ಎರಡರಲ್ಲಿ ಯಾವುದೆಂದು ತಿಳಿಯಲು ಕರಗದ ಗುರುತು ಏನಾದರೂ ಇದೆಯೇ? ಈ ನಾಲ್ಕಕ್ಕೂ ಉತ್ತರ ದೊರೆತ ಮೇಲೆ ಆ ಸುದ್ದಿಯನ್ನು ಪ್ರಸಂಗಕ್ಕೆ ತರಬಹುದು. ದೊರೆಯುವವರೆಗೆ ಕಾಯುವುದರಿಂದ ಸಭೆಗೆ ನಷ್ಟವೇನೂ ಇಲ್ಲ.